ಬೈಸಿಕಲ್ಲಿನ ಕಟ್ಟಳೆಗಳು: ಹನೂರು ಸೀಮೆಯ ದಾರಿಯಲ್ಲಿ

ಹನೂರಿನಿಂದ ಹೊರಟು ಕೊಳ್ಳೇಗಾಲವನ್ನು ಹಾಯ್ದು ಯಳಂದೂರನ್ನು ಸೇರುವ ದಾರಿಯು ಇಂದು ಒಂದೇ ಜಿಲ್ಲೆಯ ದಾರಿಯಾಗಿದೆ. 1956ನೆಯ ಇಸವಿ ನವೆಂಬರ್ 1ನೆಯ ತಾರೀಖಿಗೆ ಮುಂಚೆ ಹಾಗಿರಲಿಲ್ಲ. ಹನೂರನ್ನು ಒಳಗೊಂಡ ಕೊಳ್ಳೇಗಾಲದ ತಾಲ್ಲೂಕು ಆಗ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿದ್ದ ಯಳಂದೂರಾದರೋ ಮೈಸೂರು ಸೀಮೆಯದು. ಎರಡು ಕಡೆಯೂ ಆಡುವ ಮಾತು ಕನ್ನಡ, ನಡೆಯುವ ಜಾತ್ರೆ ಮಾದಪ್ಪನದು. ಆದರೆ ಕಾನೂನು ಮಾತ್ರ ಎರಡು. ಬೈಸಿಕಲ್ಲನ್ನೇರಿದ ಬಡ ಸವಾರನೂ ಈ ಗಡಿಯನ್ನು ದಾಟುವಾಗ, ತನಗರಿಯದೆಯೇ, ಒಂದು ಸರ್ಕಾರದ ಕಟ್ಟಳೆಯನ್ನು ಬಿಟ್ಟು ಇನ್ನೊಂದರ ಕಟ್ಟಳೆಗೆ ಒಳಪಡುತ್ತಿದ್ದನು. ಆ ಕಟ್ಟಳೆಗಳು ಹೇಗೆ ಹುಟ್ಟಿದುವು, ಅವುಗಳ ಹುರುಳೇನು ಎಂಬುದನ್ನು ಈಗ ವಿಚಾರಮಾಡೋಣ.

ಇಂದು ನಾವು ಕಾಣುವ ಸಮಗಾಲಿಯ ಸೈಕಲ್ಲಿಗೆ ಮಾದರಿಯಾದುದು 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲೀ ಎಂಬಾತನು ಹೊರತಂದ ರೋವರ್ ಎಂಬ ಗಾಡಿ. ಮೂರು ವರ್ಷಗಳ ತರುವಾಯ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರಿನ ಪಟ್ಟಿಯನ್ನು ಕಂಡುಹಿಡಿದನು. ಅದೇ 1888ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಮುಖ್ಯವಾದ ಪ್ರಶ್ನೆಗೆ ಉತ್ತರವನ್ನಿತ್ತಿತು: ಬೈಸಿಕಲ್ಲು ಆಟದ ಸಾಮಾನೋ, ವಾಹನವೋ? ವಾಹನವೇ ಎಂಬುದು ತೀರ್ಮಾನ. ವಾಹನಕ್ಕೆ ರಸ್ತೆಯಲ್ಲಿ ಹಕ್ಕುಂಟು. ಹಕ್ಕಿನ ಜೊತೆಗೆ ಹೊಣೆಯೂ ಉಂಟು. ಆದ್ದರಿಂದ ಸೂರ್ಯಾಸ್ತವಾದ ಒಂದು ಗಂಟೆಯಿಂದ ಸೂರ್ಯೋದಯಕ್ಕೆ ಒಂದು ಗಂಟೆ ಮುಂಚಿನವರೆಗೆ ದೀಪವಿರತಕ್ಕದ್ದು, ಗಾಡಿಯನ್ನಾಗಲಿ ಕುದುರೆಯನ್ನಾಗಲಿ ಕಾಲುನಡೆಯವರನ್ನಾಗಲಿ ಹಿಂದೆ ಹಾಕುವಾಗ ಗಂಟೆ ಬಾರಿಸಿಯೋ ಬೇರೆ ಬಗೆಯಿಂದಲೋ ಎಚ್ಚರಿಕೆ ಕೊಡತಕ್ಕದ್ದು ಎಂದು ವಿಧಿಯಾಯಿತು. ಕಾಣಿಸಿಕೊಳ್ಳುವುದು, ಕೇಳಿಸಿಕೊಳ್ಳುವುದು ಎಂಬ ಈ ಎರಡಕ್ಕೆ ಬೇಕಾದೆಡೆಯಲ್ಲಿ ನಿಲ್ಲುವುದನ್ನು ಸೇರಿಸಿದರೆ ಸೈಕಲ್ಲಿನ ಧರ್ಮಶಾಸ್ತ್ರವು ಬಹುಮಟ್ಟಿಗೆ ಮುಗಿಯಿತೆನ್ನಬಹುದು.

ನಮ್ಮ ನಾಡಿನಲ್ಲಿ ಈ ಧರ್ಮವನ್ನು ನಡೆಯಿಸುವ ಭಾರವು ಸ್ಥಳೀಯ ಅಧಿಕಾರಿಗಳ ಮೇಲೆ ಬಿದ್ದಿತು. 1939ರ ಮೋಟಾರು ವಾಹನಗಳ ಕಾನೂನು ಯಂತ್ರಬಲದಿಂದ ಓಡುವ ಗಾಡಿಗಳನ್ನು ಕುರಿತದ್ದು. ಕಾಲಬಲದಿಂದ ಓಡುವ ಸೈಕಲ್ಲು ಅದರ ಹೊರಗುಳಿಯಿತು. 1988ರ ಕಾನೂನಿನಲ್ಲಿಯೂ ಅದು ಹೊರಗೇ ಇದೆ. ಮೈಸೂರಿನ ಕಡೆ 1908ರ ಪೋಲೀಸು ಕಾನೂನು, ಮದರಾಸಿನ ಕಡೆ 1938ರ ಸಂಚಾರ ನಿಯಂತ್ರಣದ ಕಾನೂನು, ಇವುಗಳ ಜೊತೆಗೆ ಊರೂರಿನ ಪುರಸಭೆಯ ವಿಧಿಗಳು, ಹೀಗೆ ಆಡಳಿತವು ಹಂಚಿಹೋಗಿದ್ದಿತು. ಪುರಸಭೆಗೆ ವರ್ಷದ ತೆರಿಗೆಯನ್ನು ಕಟ್ಟಿ, ತಗಡಿನ ಬಿಲ್ಲೆಯನ್ನು ಪಡೆದು ಸೈಕಲ್ಲಿಗೆ ಬಿಗಿಯುತ್ತಿದ್ದುದನ್ನು ಹಿರಿಯರು ಮರೆತಿಲ್ಲ. ದೀಪವಿಲ್ಲದೆ ಬಂದವನನ್ನೂ ಇಬ್ಬರು ಕುಳಿತು ಬಂದವರನ್ನೂ ಪೋಲೀಸಿನವರು ತಡೆದು ನಿಲ್ಲಿಸಿ ದಂಡ ಹಾಕುತ್ತಿದ್ದ ಕಥೆಗಳು ಹಳೆಯ ಮೈಸೂರಿನ ಊರುಗಳಲ್ಲಿ ಇಂದಿಗೂ ನಗೆಯ ವಿಷಯವಾಗಿವೆ.

1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕನ್ನಡ ಸೀಮೆಗಳು ಒಂದಾದುವು. ಆಗ ಕೊಳ್ಳೇಗಾಲವೂ ಮೈಸೂರು ಜಿಲ್ಲೆಗೆ ಬಂದಿತು. 1997ರಲ್ಲಿ ಚಾಮರಾಜನಗರದ ಜಿಲ್ಲೆಗೆ ಸೇರಿತು. ಐದು ಮನೆಗಳಿಂದ ಬಂದವರು ಒಂದೇ ಪಂಕ್ತಿಯಲ್ಲಿ ಕುಳಿತ ಮೇಲೆ ಬಡಿಸುವ ಕ್ರಮವೂ ಒಂದೇ ಆಗಬೇಕಷ್ಟೆ. ಅದರಂತೆ 1960ರಲ್ಲಿ ಹೊಸ ರಾಜ್ಯವು ತನ್ನದೇ ಸಂಚಾರ ನಿಯಂತ್ರಣದ ಕಾನೂನನ್ನೂ, 1963ರಲ್ಲಿ ಪೋಲೀಸು ಕಾನೂನನ್ನೂ ಮಾಡಿಕೊಂಡಿತು.

ಕಾನೂನು ಒಂದಾದರೂ ನೆಲವು ಒಂದೇ ತೆರನಾದುದಲ್ಲ. ಯಳಂದೂರಿನ ಗದ್ದೆಬಯಲಿನಲ್ಲಿ ಸಾಕಾಗುವ ಸಲಕರಣೆಯು ಹನೂರಿನಾಚೆಯ ಬೆಟ್ಟದ ದಾರಿಗೆ ಸಾಲದು. ಡೈನಮೋ ದೀಪವನ್ನೇ ನೋಡಿರಿ. ಚಕ್ರದ ಪಟ್ಟಿಗೆ ಒರಸಿ ತಿರುಗುವ ಪುಟ್ಟ ಯಂತ್ರವದು; ಚಕ್ರವು ಓಡಿದಷ್ಟೂ ಬೆಳಕು. ತಾಳುಬೆಟ್ಟದಿಂದ ಏರು ಹತ್ತುವಾಗ ಸವಾರನು ಏದುತ್ತ ಮೆಲ್ಲನೆ ತುಳಿಯುತ್ತಾನೆ, ದೀಪವು ಮಂಕಾಗುತ್ತದೆ. ದಣಿದು ಇಳಿದನೆಂದರೆ ಹಳೆಯ ಬಗೆಯ ದೀಪವು ಆರಿಯೇ ಹೋಗುತ್ತದೆ. ಹಿಂದಿನಿಂದ ಬರುವ ಬಸ್ಸಿಗೆ ಅವನು ಕಾಣಬೇಕಾದುದು ಆ ಗಳಿಗೆಯಲ್ಲಿಯೇ. ಬಂದ ಬೆಳಕನ್ನೇ ಹಿಂದಿರುಗಿಸುವ ಕೆಂಪು ಗಾಜಿನ ಬಿಲ್ಲೆಯ ಬೆಲೆಯು ಆಗ ತಿಳಿಯುತ್ತದೆ. ಅದಕ್ಕೆ ಎಣ್ಣೆಯೂ ಬೇಡ, ಓಟವೂ ಬೇಡ. ಇಳುಕಲಿನಲ್ಲಿ ಬಿರಿಯ ಮಾತು. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮನ್ನು ರಬ್ಬರಿನ ತುಂಡು ಹಿಡಿಯಲಾರದೆ ಜಾರುತ್ತದೆ. ತಿರುವಿಗೆ ಬಹು ಮುಂಚೆಯೇ ವೇಗವನ್ನು ತಗ್ಗಿಸತಕ್ಕದ್ದು. ಮುಂದಿನ ಚಕ್ರಕ್ಕೊಂದು ಹಿಂದಿನದಕ್ಕೊಂದು ಬೇರೆ ಬೇರೆ ಬಿರಿಯಿದ್ದರೆ, ಒಂದು ಕೈಕೊಟ್ಟಾಗ ಇನ್ನೊಂದು ಪ್ರಾಣವನ್ನುಳಿಸುತ್ತದೆ.

2006-07ರಲ್ಲಿ ನಮ್ಮ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲನ್ನು ಕೊಡುವ ಯೋಜನೆಯನ್ನು ಆರಂಭಿಸಿತು. ಊರಿಂದೂರಿಗೆ ನಡೆದು ಕಲಿಯುತ್ತಿದ್ದ ಹಳ್ಳಿಯ ಹೆಣ್ಣುಮಕ್ಕಳಿಗೆ ಅದು ಎಂಥ ಉಪಕಾರವೆಂದು ಹೇಳಬೇಕಾದುದಿಲ್ಲ. 2020ರಲ್ಲಿ ಕೇಂದ್ರ ಸರ್ಕಾರವು ಸೈಕಲ್ಲಿನ ಪ್ರತಿಫಲಕಗಳ ಗುಣಮಟ್ಟವನ್ನು ಕುರಿತು ಆಜ್ಞೆಯನ್ನು ಹೊರಡಿಸಿತು. ಆದರೆ ಕಾರ್ಖಾನೆಯಲ್ಲಿ ಹೊಂದಿಸಿದ ಬಿಲ್ಲೆಯು ಒಡೆದುಹೋದ ಮೇಲೆ ಅದನ್ನು ಮತ್ತೆ ಹಾಕಿಸುವವರಾರು? ಪುರಸಭೆಯ ತಗಡಿನ ಬಿಲ್ಲೆಯು ಹಳೆಯ ಸಾಮಾನುಗಳ ರಾಶಿಗೆ ಸೇರಿತು. ಅದರೊಡನೆ ಸೈಕಲ್ಲಿಗೂ ಊರಿನ ಆಡಳಿತಕ್ಕೂ ಇದ್ದ ಒಂದು ನಂಟು ಕಡಿಯಿತು. ಆ ತೆರಿಗೆಯು ಮರಳಿ ಬರಲಿ ಎಂದು ನಾವು ಬಯಸುವುದಿಲ್ಲ. ಬಡವನ ವಾಹನಕ್ಕೆ ಅದು ಭಾರವೇ ಸರಿ. ತೆರಿಗೆಯಿಲ್ಲದೆಯೂ ವರ್ಷಕ್ಕೊಮ್ಮೆ ಶಾಲೆಯ ಅಂಗಳದಲ್ಲಿ ಮಕ್ಕಳ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಗಂಟೆ, ಬಿರಿ, ದೀಪ, ಕೆಂಪು ಬಿಲ್ಲೆಗಳನ್ನು ನೋಡಿಸಬಹುದಷ್ಟೆ. ಊರಿನ ಸೈಕಲ್ ಷಾಪಿನವನೊಬ್ಬನೂ ಉಪಾಧ್ಯಾಯರೊಬ್ಬರೂ ಮನಸ್ಸು ಮಾಡಿದರೆ ಅರ್ಧ ದಿನದ ಕೆಲಸವದು. ಗಡಿಗಳು ಅಳಿದುವು, ಕಾನೂನುಗಳು ಬದಲಾದುವು. ಕತ್ತಲಲ್ಲಿ ಮನೆಗೆ ಮರಳುವ ಮಗುವು ಹಿಂದೆ ಬರುವವನ ಕಣ್ಣಿಗೆ ಬೀಳಬೇಕೆಂಬ ಅಗತ್ಯವು ಮಾತ್ರ ಅಂದಿನಂತೆಯೇ ಇಂದಿಗೂ ಉಳಿದಿದೆ.