ಪುದುಚೇರಿ: ನಮ್ಮ ಚರಿತ್ರೆಯೊಡನೆ ಬೆಸೆದುಕೊಂಡ ಫ್ರೆಂಚ್ ಊರು



ಫ್ರೆಂಚರು ಕಟ್ಟಿದ ನಗರವೊಂದನ್ನು ನೋಡಲು ದಾವಣಗೆರೆಯವರು ವಿಮಾನ ಹತ್ತಬೇಕಾಗಿಲ್ಲ. ದಾದರಿನಿಂದ ಹೊರಡುವ ಚಾಲುಕ್ಯ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಮಾರ್ಗವಾಗಿ ಪುದುಚೇರಿಯನ್ನು ಸೇರುತ್ತದೆ. ಈಚೆಗೆ ನಮ್ಮ ಕಡೆಯಿಂದ ಅಲ್ಲಿಗೆ ಹೋಗಿಬರುವವರ ಸಂಖ್ಯೆ ಹೆಚ್ಚಿದೆ. ಅವರು ತೋರಿಸುವ ಚಿತ್ರಗಳಲ್ಲಿ ಹಳದಿ ಬಣ್ಣದ ಗೋಡೆಗಳು, ಕಾಗದದ ಹೂವಿನ ಬಳ್ಳಿ, ಹಿನ್ನೆಲೆಯಲ್ಲಿ ಕಡಲು ಇರುತ್ತವೆ. ನೋಡಲು ಸೊಗಸಾಗಿಯೇ ಇದೆ. ಆದರೆ ನಾನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ ಕರ್ನಾಟಿಕ್ ಯುದ್ಧಗಳ, ಮೈಸೂರು ಯುದ್ಧಗಳ ಅರ್ಧ ಕಥೆ ಆ ಗೋಡೆಗಳ ಹಿಂದಿದೆ ಎಂಬುದನ್ನು ಹೇಳುವವರು ಕಡಿಮೆ.

1674ರಲ್ಲಿ ಫ್ರಾನ್ಸ್ವಾ ಮಾರ್ತ್ಯಾಂ ಎಂಬಾತ ಇಲ್ಲಿ ಫ್ರೆಂಚ್ ಕಂಪನಿಯ ವ್ಯಾಪಾರಕ್ಕೆ ನೆಲೆ ಕಲ್ಪಿಸಿದನು. 1693ರಿಂದ 1699ರವರೆಗೆ ಊರು ಡಚ್ಚರ ವಶದಲ್ಲಿತ್ತು. ನೂಲು ಹಿಡಿದು ಎಳೆದಂತೆ ನೇರವಾಗಿರುವ ಆ ಬೀದಿಗಳ ನಕ್ಷೆ ಡಚ್ಚರದು, ಫ್ರೆಂಚರದಲ್ಲ! ನಡುವೆ ಹರಿಯುವ ದೊಡ್ಡ ಕಾಲುವೆಯ ಪೂರ್ವಕ್ಕೆ ಬಿಳಿಯರು, ಪಶ್ಚಿಮಕ್ಕೆ ತಮಿಳರು ವಾಸಿಸುತ್ತಿದ್ದರು. 1742ರಿಂದ 1754ರವರೆಗೆ ಡೂಪ್ಲೆ ಗವರ್ನರನಾಗಿದ್ದನು. ಅವನ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದಿಟ್ಟನು. ದರಬಾರಿನ ಒಳಮಾತು, ಬಟ್ಟೆಯ ವ್ಯಾಪಾರ, 1748ರಲ್ಲಿ ವೇದಪುರೀಶ್ವರನ ಗುಡಿಯನ್ನು ಕೆಡವಿದ ಸಂಕಟದ ಪ್ರಸಂಗ, ಎಲ್ಲವೂ ಅದರಲ್ಲಿವೆ. ಇತಿಹಾಸದ ವಿದ್ಯಾರ್ಥಿಗೆ ಇಂಥ ಆಕರ ದೊರೆಯುವುದು ಅಪರೂಪ.

1761ರಲ್ಲಿ ಇಂಗ್ಲಿಷರು ಪುದುಚೇರಿಯನ್ನು ಗೆದ್ದು ನೆಲಸಮ ಮಾಡಿದರು. ಆದ್ದರಿಂದ ಇಂದು ನಾವು ನೋಡುವ ಕಟ್ಟಡಗಳಲ್ಲಿ ಬಹುಪಾಲು ಡೂಪ್ಲೆಯ ಕಾಲದವಲ್ಲ, ಊರನ್ನು ಮರಳಿ ಪಡೆದ ನಂತರ ಕಟ್ಟಿದವು. ನಮಗೆ ಮುಖ್ಯವಾದ ಸಂಗತಿ ಬೇರೆಯಿದೆ. ಊರು ಬಿದ್ದಾಗ ನೆಲೆ ತಪ್ಪಿದ ಫ್ರೆಂಚ್ ಸೈನಿಕರಲ್ಲಿ ಹಲವರು ಹೈದರಾಲಿಯ ಸೇವೆಗೆ ಸೇರಿದರು. ಎರಡೇ ವರ್ಷಗಳಲ್ಲಿ, 1763ರಲ್ಲಿ, ಹೈದರನು ಬಿದನೂರನ್ನು ಗೆದ್ದು ನಮ್ಮ ತುಂಗಭದ್ರೆಯ ಸೀಮೆಗೂ ಬಂದನು. ಆಗ ಕುಗ್ರಾಮವಾಗಿದ್ದ ದಾವಣಗೆರೆಯನ್ನು ಮರಾಠ ಸರದಾರ ಅಪ್ಪಾಜಿರಾಮನಿಗೆ ಜಹಗೀರಾಗಿ ಕೊಟ್ಟವನೂ ಅವನೇ. ಅಪ್ಪಾಜಿರಾಮನು ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದರಿಂದಲೇ ಊರು ಪೇಟೆಯಾಯಿತು.

ಈ ಸ್ನೇಹದ ಬೆಲೆಯೇನು ಎಂಬುದು 1783ರಲ್ಲಿ ತಿಳಿಯಿತು. ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಯೂರೋಪಿನಲ್ಲಿ ಫ್ರೆಂಚರಿಗೂ ಇಂಗ್ಲಿಷರಿಗೂ ಸಂಧಿಯಾದ ಸುದ್ದಿ ಬಂದಿತು. ಜೊತೆಗಿದ್ದ ಫ್ರೆಂಚ್ ದಳ ಯುದ್ಧದಿಂದ ಹಿಂದೆ ಸರಿಯಿತು. ಆದರೂ ಟಿಪ್ಪು ಆಸೆ ಬಿಡಲಿಲ್ಲ. 1787ರಲ್ಲಿ ಅವನ ಮೂವರು ರಾಯಭಾರಿಗಳು ಪುದುಚೇರಿಯಿಂದಲೇ ಹಡಗು ಹತ್ತಿ, ಮರುವರ್ಷ ಹದಿನಾರನೆಯ ಲೂಯಿಯನ್ನು ಕಂಡರು. ದೊರೆತದ್ದು ಸತ್ಕಾರ, ಪಿಂಗಾಣಿ, ಗಿಡಬೀಜಗಳು, ಕೆಲವು ಕುಶಲಕರ್ಮಿಗಳು. ಸೈನ್ಯ ದೊರೆಯಲಿಲ್ಲ. 1789ರಲ್ಲಿ ಆ ರಾಜನ ಕಾಲವೇ ಮುಗಿಯತೊಡಗಿತು. ಫ್ರೆಂಚರು ಟಿಪ್ಪುವಿನ ಆಪ್ತಮಿತ್ರರೆಂದು ಬರೆಯುವವರೂ, ಅವನನ್ನು ಅವರ ಕೈಗೊಂಬೆ ಎನ್ನುವವರೂ ಈ ಪ್ರಸಂಗಗಳನ್ನು ಒಟ್ಟಿಗಿಟ್ಟು ಓದಬೇಕು. ನನ್ನ ಎಣಿಕೆಯಲ್ಲಿ ಎರಡೂ ಮಾತು ಸರಿಯಲ್ಲ. ಅದು ಅನುಕೂಲದ ನಂಟು. ಅನುಕೂಲ ತೀರಿದಾಗ ನಷ್ಟವಾದದ್ದು ಮೈಸೂರಿಗೆ.

ಕನ್ನಡಿಗರಿಗೆ ಹತ್ತಿರವಾದ ಇನ್ನೊಂದು ಕಥೆ ಭಾರತಿ ಉದ್ಯಾನದ ನಡುವೆ ನಿಂತಿದೆ. ಅಲ್ಲಿಯ ಬಿಳಿಯ ಆಯಿ ಮಂಟಪವನ್ನು ಕಟ್ಟಿಸಿದ್ದು ಮೂರನೆಯ ನೆಪೋಲಿಯನ್‌ನ ಕಾಲದಲ್ಲಿ. ನಮ್ಮ ಕೃಷ್ಣದೇವರಾಯನು ಆ ಸೀಮೆಗೆ ಬಂದಾಗ ದೀಪಗಳಿಂದ ಬೆಳಗುತ್ತಿದ್ದ ಮನೆಯೊಂದನ್ನು ಗುಡಿಯೆಂದು ಭಾವಿಸಿ ಕೈಮುಗಿದನಂತೆ; ಅದು ಆಯಿ ಎಂಬ ವೇಶ್ಯೆಯ ಮನೆಯೆಂದು ತಿಳಿದು ಕೋಪಗೊಂಡು ಕೆಡವಲು ಆಜ್ಞಾಪಿಸಿದನಂತೆ. ಆಕೆ ತಾನೇ ಮನೆಯನ್ನು ಕೆಡವಿ ಆ ಜಾಗದಲ್ಲಿ ಜನರಿಗಾಗಿ ಕೆರೆ ತೋಡಿಸಿದಳು ಎನ್ನುತ್ತಾರೆ. ಐತಿಹ್ಯ ನಿಜವೋ ಅಲ್ಲವೋ, ರಾಯನಿಗಿಂತ ಆಯಿಗೇ ಸ್ಮಾರಕ ಕಟ್ಟಿದ್ದು ನನಗೆ ಮೆಚ್ಚಿಗೆಯಾಯಿತು.

ಸ್ವಾತಂತ್ರ್ಯದ ಅನಂತರದ ಕಥೆಯನ್ನು ನಮ್ಮ ಪಠ್ಯಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. 1947 ಕಳೆದರೂ ಪುದುಚೇರಿ ಫ್ರೆಂಚರ ಕೈಯಲ್ಲೇ ಇತ್ತು. 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಜನಪ್ರತಿನಿಧಿಗಳು ಮತ ಹಾಕಿದರು: 178 ಜನರಲ್ಲಿ 170 ಜನ ಭಾರತದ ಪರ, 8 ಜನ ವಿರುದ್ಧ. ನವೆಂಬರ್ 1ರಂದು ಆಡಳಿತ ಹಸ್ತಾಂತರವಾಯಿತು. ಸರಿಯಾಗಿ ಎರಡು ವರ್ಷಗಳ ಮೇಲೆ, ಅದೇ ನವೆಂಬರ್ 1ರಂದು, ನಮ್ಮ ಏಕೀಕರಣ! ಅಲ್ಲಿಯವರೆಗೆ ಹರಿಹರ ಗಡಿಯ ಊರಾಗಿತ್ತು. ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1868ರಲ್ಲಿ ಮುಗಿದ ಸೇತುವೆಯ ಮೇಲೆ ಜನ ಒಂದು ಸರ್ಕಾರದಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ.

ಆದರೆ ನಮ್ಮವರಾರೂ ತಾವು ಯಾವ ದೇಶದವರೆಂದು ಬರೆದುಕೊಡಬೇಕಾಗಿ ಬರಲಿಲ್ಲ. ಪುದುಚೇರಿಯವರಿಗೆ ಬಂದಿತು. 1956ರಲ್ಲಿ ಸಹಿಯಾದ ಒಪ್ಪಂದ 1962ರ ಆಗಸ್ಟ್ 16ರಂದು ಜಾರಿಯಾದಾಗ, ಅಲ್ಲಿ ಹುಟ್ಟಿ ಅಲ್ಲೇ ನೆಲೆಸಿದ್ದವರು ಭಾರತೀಯರಾದರು. ಫ್ರೆಂಚ್ ಪೌರತ್ವ ಬೇಕೆನ್ನುವವರು ಆರು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕಾಗಿತ್ತು. ಕಡಲ ದಂಡೆಯ ಕಲ್ಲುಬೆಂಚಿನ ಮೇಲೆ ಪರಿಚಯವಾದ ವೃದ್ಧರೊಬ್ಬರು ತಮ್ಮ ಮನೆಯ ವಿಷಯ ಹೇಳಿದರು. ಫ್ರೆಂಚ್ ಸೈನ್ಯದಲ್ಲಿ ದುಡಿದಿದ್ದ ತಂದೆ ಸಹಿ ಹಾಕಿದರು, ಚಿಕ್ಕಪ್ಪ ಹಾಕಲಿಲ್ಲ. ಒಂದೇ ಅಂಗಳದ ಎರಡು ಮನೆಗಳಲ್ಲಿ ಎರಡು ದೇಶಗಳಾದವು. ಅಣ್ಣನ ಮಕ್ಕಳು ಪ್ಯಾರಿಸ್ಸಿನಲ್ಲಿ, ತಮ್ಮನ ಮಕ್ಕಳು ವಿಲ್ಲುಪುರದಲ್ಲಿ. "ಆರು ತಿಂಗಳು ಬಹಳ ಕಡಿಮೆ, ಸಾರ್" ಎಂದಷ್ಟೇ ಹೇಳಿ ಅವರು ಎದ್ದು ಹೋದರು.

ಇಂದು ಬೀದಿಯಲ್ಲಿ ಕೇಳುವುದು ತಮಿಳು. ಫ್ರೆಂಚ್ ಉಳಿದಿರುವುದು ಬೀದಿಯ ಫಲಕಗಳಲ್ಲಿ, 1826ರಲ್ಲಿ ಆರಂಭವಾದ ಫ್ರೆಂಚ್ ಶಾಲೆಯಲ್ಲಿ, 1955ರಲ್ಲಿ ಸ್ಥಾಪನೆಯಾದ ಸಂಶೋಧನ ಸಂಸ್ಥೆಯಲ್ಲಿ, ಕೆಲವು ಹಳೆಯ ಮನೆಗಳಲ್ಲಿ. ಪೊಲೀಸರ ಕೆಂಪು ಟೋಪಿಯನ್ನೂ ಸೇರಿಸಬಹುದು. ಅರವಿಂದಾಶ್ರಮ, ಆರೋವಿಲ್‌ಗಳ ವಿಷಯ ನಿಮಗೆಲ್ಲ ತಿಳಿದಿರುವುದರಿಂದ ಇಲ್ಲಿ ಬರೆಯುವುದಿಲ್ಲ.

ಊಟದ ವಿಷಯ ಕೇಳದೆ ನೀವು ಬಿಡುವವರಲ್ಲ! ಬೆಳಿಗ್ಗೆ ಬೇಕರಿಗಳಲ್ಲಿ ಮೊಳದುದ್ದದ ಗಟ್ಟಿಸಿಪ್ಪೆಯ ಬ್ರೆಡ್ ಬಿಸಿಯಾಗಿ ಸಿಗುತ್ತದೆ. ಪಕ್ಕದಲ್ಲೇ ಇಡ್ಲಿಯ ಅಂಗಡಿ. ಕ್ರಿಸ್‌ಮಸ್ ಸಮಯದಲ್ಲಿ ಅಲ್ಲಿಯ ಮನೆಗಳಲ್ಲಿ ರವೆ, ಬೆಣ್ಣೆ, ಒಣಹಣ್ಣು, ಸ್ವಲ್ಪ ರಮ್ ಸೇರಿಸಿ ವಿವಿಕಂ ಎಂಬ ಕೇಕ್ ಮಾಡುತ್ತಾರೆ. ಮೈದಾ ಬದಲು ರವೆ ಹಾಕಿದ ಜಾಣೆ ಯಾರೋ! ನಮ್ಮ ಬೆಣ್ಣೆದೋಸೆಯನ್ನೂ 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ಆರಂಭಿಸಿದರೆಂದು ಹೇಳುತ್ತಾರೆ. ಅವರೂ ಹೊಳೆ ದಾಟಿಯೇ ಬಂದಿರಬೇಕು.

ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿರಿ, ಆದರೆ ನವೆಂಬರಿನಲ್ಲಿ ಮಳೆಯಿರುತ್ತದೆ. ಗಾಂಧೀಜಿಯ ಪ್ರತಿಮೆಯ ಸಮೀಪ ಮೊದಲ ಮಹಾಯುದ್ಧದ ಸ್ಮಾರಕವಿದೆ. ಚಿತ್ರ ತೆಗೆದುಕೊಂಡ ಮೇಲೆ ಎರಡು ನಿಮಿಷ ಅಲ್ಲಿ ನಿಂತಿರಿ. ಕಾಲುವೆಯನ್ನು ದಾಟಿ ತಮಿಳರ ಬೀದಿಗಳಿಗೂ ಹೋಗಿ, ಜಗುಲಿಯಿರುವ ಆ ಮನೆಗಳನ್ನು ನೋಡಿಕೊಂಡು ಬನ್ನಿ.