ರಾತ್ರಿ ಕಾಸ್ಮಿಕ್ ಕಿರಣ ಬರುತ್ತದೆ, ಮೊಬೈಲ್ ಆಫ್ ಮಾಡಬೇಕೇ?

“ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ” ಎಂಬ ಫಾರ್ವರ್ಡ್ ಸಾಗರ, ಹೊಸನಗರ, ತೀರ್ಥಹಳ್ಳಿಯ ನಿಮ್ಮ ಗುಂಪುಗಳಿಗೂ ಬಂದಿರಬಹುದು. ಇದು ಸುಳ್ಳು.

ಕಾಸ್ಮಿಕ್ ಕಿರಣಗಳು ಹಗಲೂ ರಾತ್ರಿ ಬರುತ್ತಲೇ ಇರುತ್ತವೆ. ಬಾಹ್ಯಾಕಾಶದ ಗಾಮಾ ಕಿರಣಗಳನ್ನಂತೂ ವಾತಾವರಣವೇ ತಡೆಯುತ್ತದೆ. ಹೆಚ್ಚು ಶಕ್ತಿಯವು ಗಾಳಿಗೆ ಬಡಿದಾಗ ಕಣಗಳ ಮಳೆಯಾಗಿ, ಕ್ಷಣಮಾತ್ರ ಮಂದ ನೀಲಿ ಬೆಳಕು ಮೂಡುತ್ತದೆ.

ಅದನ್ನು ಹಿಡಿಯಲೆಂದೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಮುಂಬೈನ ಟಿಐಎಫ್‌ಆರ್ ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ, ‘ಹಗಾರ್’ ಎಂಬ 7 ದೂರದರ್ಶಕಗಳ ಸಾಲು ಕಟ್ಟಿದವು. ಮಳೆ ಮೊದಲು ಯಾರ ಮನೆ ಹೆಂಚಿಗೆ ಬಿತ್ತೆಂದು ನೋಡಿ ದಿಕ್ಕು ಹೇಳುವಂತೆ, ಬೆಳಕು ಮೊದಲು ಯಾವುದಕ್ಕೆ ತಲುಪಿತೆಂದು ನೋಡಿ ಕಿರಣ ಬಂದ ದಿಕ್ಕು ಕಂಡುಹಿಡಿಯುತ್ತಾರೆ.

ನಾವು ಹೇಳುವುದಿಷ್ಟೇ: ಫೋನ್ ಆಫ್ ಮಾಡಬೇಡಿ. ಮಳೆಗಾಲದ ನಡುರಾತ್ರಿ ಊರಿನ ಅಪ್ಪ-ಅಮ್ಮನಿಗೆ ತುರ್ತಾದರೆ ಅವರ ಕರೆ ನಿಮಗೆ ತಲುಪಬೇಕು.