ಗಂಟಲಿನಿಂದ ಕಿವಿಗೆ ಒಂದು ಹಿಂಬಾಗಿಲು

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದೋರಿಗೆ.

ನನ್ನ ಬಲಗಿವಿ ಸ್ವಲ್ಪ ಮಂದ. ಡೊಂಬಿವಲಿಯ ಚಾಳಿನಲ್ಲಿ ಬೆಳೆದ ನನಗೆ ಪ್ರತಿ ಮಳೆಗಾಲ ಗಂಟಲು ನೋವು, ಅದರ ಬೆನ್ನಿಗೇ ಕಿವಿ ಸೋರೋದು. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನ ಕಿವಿಗೆ ಬಿಡೋರು. "ಅಳಬ್ಯಾಡ ಮಗಾ, ಬೆಳಗಾದ್ರ ಹೋಗ್ತದ" ಅನ್ನೋರು. ಹೋಗ್ತಿತ್ತು, ಮತ್ತೆ ಬರ್ತಿತ್ತು. ನಲವತ್ತು ದಾಟಿದ ಮೇಲೆ ಒಬ್ಬ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಕಿವಿ ತೋರಿಸೋಕೆ ತಲೆ ವಾಲಿಸಿ ಕೂತ್ರೆ, ಅವರು ಮೊದಲು ಹೇಳಿದ್ದು "ಬಾಯಿ ತೆಗೀರಿ" ಅಂತ. ಕಿವಿಯ ರೋಗದ ದಾರಿ ಗಂಟಲಿನಲ್ಲಿದೆ ಅನ್ನೋದು ಮನುಷ್ಯನಿಗೆ ಯಾವಾಗ ಗೊತ್ತಾಯ್ತು? ಅವತ್ತು ತಲೆಗೆ ಹೊಕ್ಕ ಈ ಪ್ರಶ್ನೆಯೇ ಇವತ್ತಿನ ವಿಷಯ.

ಮೊದಲು ದಾರಿ ಯಾವುದು ಅಂತ ನೋಡೋಣ. ಮೂಗಿನ ಹಿಂಭಾಗ ಗಂಟಲಿಗೆ ಸೇರುವ ಜಾಗದಿಂದ ಕಿವಿತಮಟೆಯ ಒಳಬದಿಗೆ ಒಂದು ಸಣ್ಣ ನಳಿಕೆ ಇದೆ. ದೊಡ್ಡವರಲ್ಲಿ ಸುಮಾರು 35 ಮಿಲಿಮೀಟರ್ ಉದ್ದ. ನಾವು ಉಗುಳು ನುಂಗಿದಾಗ, ಆಕಳಿಸಿದಾಗ ಅದು ತೆರೆದುಕೊಂಡು ಕಿವಿಯೊಳಗಿನ ಗಾಳಿಯ ಒತ್ತಡ ಸರಿಮಾಡುತ್ತೆ. ಮಕ್ಕಳಲ್ಲಿ ಇದು ಗಿಡ್ಡ, ಹೆಚ್ಚು ಅಡ್ಡಡ್ಡ ಇರುತ್ತೆ. ಹಾಗಾಗಿ ನೆಗಡಿ, ಗಂಟಲಿನ ಸೋಂಕು ಸುಲಭವಾಗಿ ಕಿವಿಗೆ ಹತ್ತುತ್ತೆ. ಅಲ್ಲಿ ಕೀವು ತುಂಬಿದರೆ ಕಿವಿಯ ಹಿಂದಿನ ಮೂಳೆಗೆ ಹೋಗಬಹುದು, ಅಲ್ಲಿಂದ ಮಿದುಳಿನ ಪೊರೆಗೂ ಹೋಗಬಹುದು.

ಈಗ 1560ಕ್ಕೆ ಬನ್ನಿ. ಫ್ರಾನ್ಸಿನ ರಾಜ ಎರಡನೇ ಫ್ರಾನ್ಸಿಸ್, ವಯಸ್ಸು 16. ಸ್ಕಾಟ್ಲೆಂಡಿನ ರಾಣಿ ಮೇರಿಯ ಗಂಡ. ನವೆಂಬರಿನಲ್ಲಿ ಓರ್ಲಿಯನ್ಸ್ ಊರಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದ. ಕಿವಿಯಲ್ಲಿ ಕೀವು, ತಡೆಯಲಾರದ ತಲೆನೋವು. ಆ ಕಾಲದ ಅತಿ ದೊಡ್ಡ ಶಸ್ತ್ರವೈದ್ಯ ಆಂಬ್ರಾಸ್ ಪಾರೆ ಆಸ್ಥಾನದಲ್ಲೇ ಇದ್ದರೂ ಉಳಿಸೋಕೆ ಆಗಲಿಲ್ಲ. ಡಿಸೆಂಬರ್ 5ರಂದು ತೀರಿಕೊಂಡ. ಹತ್ತು ವರ್ಷದ ತಮ್ಮ ಪಟ್ಟಕ್ಕೆ ಬಂದ, ತಾಯಿ ಕ್ಯಾಥರೀನ್ ಕೈಗೆ ಅಧಿಕಾರ ಹೋಯ್ತು, ವಿಧವೆ ಮೇರಿ ಮರುವರ್ಷ ಸ್ಕಾಟ್ಲೆಂಡಿಗೆ ಮರಳಿದಳು. ಒಂದು ಕಿವಿನೋವು ಎರಡು ದೇಶಗಳ ಚರಿತ್ರೆ ತಿರುಗಿಸಿಬಿಡ್ತು.

ವಿಚಿತ್ರ ನೋಡಿ, ಇದಾಗಿ ಎರಡೇ ವರ್ಷಕ್ಕೆ, 1562ರಲ್ಲಿ, ರೋಮಿನ ಬಾರ್ತಲೋಮಿಯೋ ಯೂಸ್ಟೇಕಿ ಎಂಬ ವೈದ್ಯ ಕಿವಿಯ ಬಗ್ಗೆ ಒಂದು ಪತ್ರರೂಪದ ಪ್ರಬಂಧ ಬರೆದು ಈ ನಳಿಕೆಯನ್ನ ವಿವರವಾಗಿ ತೋರಿಸಿದ. ಕಿವಿಯಿಂದ ಬಾಯಿಗೆ ದಾರಿಯಿದೆ ಅಂತ ಅರಿಸ್ಟಾಟಲ್ ಕಾಲದಿಂದಲೂ ಮಾತಿತ್ತು. ಅದಕ್ಕೂ ಹಿಂದಿನ ಗ್ರೀಕ್ ಪಂಡಿತ ಆಲ್ಕ್‌ಮಿಯಾನ್ ಅಂತೂ ಆಡುಗಳು ಕಿವಿಯಿಂದ ಉಸಿರಾಡುತ್ತವೆ ಅಂದಿದ್ದ! ಯೂಸ್ಟೇಕಿ ಅದರ ಆಕಾರ, ಹಾದಿ ಎಲ್ಲ ಗುರುತಿಸಿ, ಚಿಕಿತ್ಸೆಗೂ ಇದು ಉಪಯೋಗ ಆಗುತ್ತೆ ಅಂತ ಸೂಚಿಸಿದ. ಯಾರೂ ಅದನ್ನ ಕೈಗೆತ್ತಿಕೊಳ್ಳಲಿಲ್ಲ.

1704ರಲ್ಲಿ ಬೊಲೋನ್ಯಾದ ವಲ್ಸಾಲ್ವಾ ಈ ನಳಿಕೆಗೆ ಯೂಸ್ಟೇಕಿಯ ಹೆಸರನ್ನೇ ಇಟ್ಟ. ಬಾಯಿ, ಮೂಗು ಮುಚ್ಚಿಕೊಂಡು ಒಳಗಿಂದ ಊದಿದರೆ ಕಿವಿಯ ಕೀವು ಹೊರಬರುತ್ತೆ ಅಂದ. ವಿಮಾನ ಇಳಿಯುವಾಗ ನಾವು ಮಾಡ್ತೀವಲ್ಲ, ಅದೇ. ಆದ್ರೆ ಗಂಟಲು, ಮೂಗಿನ ಸೋಂಕಿದ್ದಾಗ ಜೋರಾಗಿ ಊದಬೇಡಿ, ಸೋಂಕು ಒಳಗೆ ನುಗ್ಗಬಹುದು.

1724ರಲ್ಲಿ ಬಂದವನು ಡಾಕ್ಟರೇ ಅಲ್ಲ. ವರ್ಸೇಲ್ಸ್ ಊರಿನ ಪೋಸ್ಟ್‌ಮಾಸ್ಟರ್, ಹೆಸರು ಗಿಯೋ. ಕಿವಿ ಕೇಳದೆ ಬೇಸತ್ತು, ಬಗ್ಗಿಸಿದ ತವರದ ಕೊಳವೆಯೊಂದನ್ನ ತನ್ನ ಬಾಯಿಯ ಮೂಲಕ ಹಾಯಿಸಿ ನಳಿಕೆಯ ಬಾಯಿ ತೊಳೆದುಕೊಂಡ. ಗುಣ ಆಯ್ತು ಅಂತ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತಿಳಿಸಿದ. ಪಂಡಿತರು ಪುಸ್ತಕದಲ್ಲಿ ಓದಿದ್ದನ್ನ ನೋವು ತಿಂದವನು ಮಾಡಿ ತೋರಿಸಿದ.

ಹಾಗಾದರೆ ಮಕ್ಕಳಿಗೆ ಪದೇ ಪದೇ ಯಾಕೆ ಬರುತ್ತೆ? ಒಂದು ದೊಡ್ಡ ಕಾರಣ ಹಿಡಿದವನು ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೇಯರ್. ಕಿವಿ ಮಂದವಾದ, ಮೂಗು ಕಟ್ಟಿದ ಹಾಗೆ ಮಾತಾಡುವ ಯುವತಿಯೊಬ್ಬಳು ಬಂದಾಗ, ಅಂಗುಳಿನ ಹಿಂದೆ ಬೆರಳು ಹಾಕಿ ನೋಡಿದ. ಮೆತ್ತನೆಯ ಗಡ್ಡೆ ಸಿಕ್ಕಿತು. ಅದೇ ಅಡಿನಾಯ್ಡ್. ಅದು ಊದಿಕೊಂಡರೆ ನಳಿಕೆಯ ಬಾಗಿಲೇ ಮುಚ್ಚುತ್ತೆ. ಮೇಯರ್ ಇದನ್ನ 1868ರಲ್ಲಿ ಪ್ರಕಟಿಸಿದ. ಆಮೇಲೆ ಒಬ್ಬ ಫ್ರೆಂಚ್ ವೈದ್ಯ ಹಳೆಯ ದಾಖಲೆ ಓದಿ, ಬಾಲರಾಜ ಫ್ರಾನ್ಸಿಸ್‌ಗೂ ಇದೇ ಇದ್ದಿರಬೇಕು ಅಂತ ಊಹಿಸಿದ.

ಇಷ್ಟಾದರೂ ಸಾವು ನಿಲ್ಲಲಿಲ್ಲ. ಡಬ್ಲಿನ್ನಿನ ವಿಲಿಯಂ ವೈಲ್ಡ್ ಹೆಸರಾಂತ ಕಿವಿ ವೈದ್ಯ. 1853ರಲ್ಲಿ ಕಿವಿ ಶಸ್ತ್ರವೈದ್ಯದ ಪುಸ್ತಕ ಬರೆದು, ಕಿವಿ ಸೋರೋದನ್ನ ಹಗುರವಾಗಿ ತಗೋಬೇಡಿ ಅಂತ ಎಚ್ಚರಿಸಿದ್ದ. ಅವನ ಮಗನೇ ಸಾಹಿತಿ ಆಸ್ಕರ್ ವೈಲ್ಡ್. 1900ರ ನವೆಂಬರ್ 30ರಂದು ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲಿ, 46ನೇ ವಯಸ್ಸಿಗೆ ಅವನು ಸತ್ತದ್ದು ಮೆನಿಂಜೈಟಿಸ್‌ನಿಂದ. ಅದಕ್ಕೆ ಹಳೆಯ ಕಿವಿರೋಗವೇ ಮೂಲ ಅಂತ ಅನೇಕ ವೈದ್ಯರ ಅಭಿಪ್ರಾಯ. ಅಪ್ಪನ ಎಚ್ಚರಿಕೆ ಮಗನನ್ನ ಉಳಿಸಲಿಲ್ಲ. ಸಲ್ಫಾ ಔಷಧಿ 1930ರ ದಶಕದಲ್ಲಿ, ಪೆನ್ಸಿಲಿನ್ 1940ರ ದಶಕದಲ್ಲಿ ಬಂದ ಮೇಲೆಯೇ ಇಂಥ ಸಾವುಗಳು ನಿಜವಾಗಿ ಕಮ್ಮಿ ಆದವು.

ಅಜ್ಜಿಯನ್ನ ನಾನು ದೂರೋದಿಲ್ಲ. ರಾಜವೈದ್ಯರಿಗೇ ಗೊತ್ತಿರಲಿಲ್ಲ, ಹಳ್ಳಿ ಬಿಟ್ಟು ಮುಂಬೈಗೆ ಬಂದ ಅಜ್ಜಿಗೆ ಯಾರು ಹೇಳಬೇಕಿತ್ತು? ನನಗೆ ಕಾಡೋದು ಬೇರೆ: ನನ್ನ ಬಾಲ್ಯದ ಹೊತ್ತಿಗೆ ದಾರಿಯೂ ಗೊತ್ತಿತ್ತು, ಔಷಧಿಯೂ ಇತ್ತು. ನಮ್ಮ ಚಾಳಿನವರೆಗೆ ಆ ಮಾತು ಬರಲಿಲ್ಲ, ಅಷ್ಟೇ. ಬಲಗಿವಿಯಲ್ಲಿ ಅದನ್ನ ಈಗಲೂ ಹೊತ್ತುಕೊಂಡು ತಿರುಗ್ತಿದ್ದೀನಿ.

ಅದಕ್ಕೇ ಹೇಳ್ತೀನಿ, ನಿಮ್ಮನೆ ಮಗು ಗಂಟಲು ನೋವಿನ ಬೆನ್ನಿಗೆ ಕಿವಿ ಹಿಡಿದುಕೊಂಡು ಅತ್ತರೆ ಎಣ್ಣೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಕಿವಿ ಸೋರ್ತಿದ್ದರೆ, ಕಿವಿಯ ಹಿಂದೆ ಊದಿಕೊಂಡರೆ ಒಂದು ದಿನವೂ ತಡ ಮಾಡಬೇಡಿ. ಅವರು ಕಿವಿ ಬಿಟ್ಟು ಬಾಯಿ ತೆಗಿ ಅಂದ್ರೆ ಯಾಕೆ ಅಂತ ಈಗ ನಿಮಗೆ ಗೊತ್ತು.

ಮುಂದಿನ ವಾರ ಸಿಗೋಣ.